ಹೆಲ್ಸಿಂಕಿಯಿಂದ ಟೋಕಿಯೊ ಎಷ್ಟು ದೂರ?

ಪಕ್ಕದ ಊರು ಎಷ್ಟು ದೂರ ಎಂದು ದಾರಿಯಲ್ಲಿ ಯಾರನ್ನಾದರೂ ಕೇಳಿ ನೋಡಿ. ನಮ್ಮಲ್ಲಿ ಇಂದಿಗೂ ಉತ್ತರ ಬರುವುದು ಕಿಲೋಮೀಟರಿನಲ್ಲಲ್ಲ. ‘ಇಲ್ಲೇ, ಕೂಗಳತೆ’ ಎನ್ನುತ್ತಾರೆ. ಇಲ್ಲವೇ ‘ಅರ್ಧ ಗಂಟೆ ದಾರಿ’ ಎನ್ನುತ್ತಾರೆ. ನಡೆಯುವವನಿಗೆ ಬೇಕಾದದ್ದು ಹೊತ್ತಿನ ಲೆಕ್ಕವೇ ಹೊರತು ನೆಲದ ಅಳತೆಯಲ್ಲ. ದಾರಿಯಲ್ಲಿ ಹಳ್ಳ ತುಂಬಿದ್ದರೆ ಅರ್ಧ ಗಂಟೆಯ ಊರು ಅರ್ಧ ದಿನದ ಊರಾಗುತ್ತದೆ ಎಂಬುದು ಅವನಿಗೆ ಗೊತ್ತು.

ಆಕಾಶದಲ್ಲಿ ಹಳ್ಳವೂ ಇಲ್ಲ, ಗುಡ್ಡವೂ ಇಲ್ಲ. ಆದ್ದರಿಂದ ಎರಡು ವಿಮಾನ ನಿಲ್ದಾಣಗಳ ನಡುವಿನ ದೂರವನ್ನು ವಿಮಾನದ ವೇಗದಿಂದ ಭಾಗಿಸಿದರೆ ಪ್ರಯಾಣದ ಅವಧಿ ಸಿಕ್ಕಿಬಿಡಬೇಕು. ಶಾಲೆಯ ಗಣಿತ ಅಷ್ಟನ್ನೇ ಹೇಳುತ್ತದೆ. ಈ ಗಣಿತ ಎಷ್ಟರಮಟ್ಟಿಗೆ ನಿಜ ಎಂಬುದನ್ನು ತಿಳಿಯಲು ಫಿನ್‌ಲೆಂಡಿನ ರಾಜಧಾನಿ ಹೆಲ್ಸಿಂಕಿ ಮತ್ತು ಜಪಾನಿನ ರಾಜಧಾನಿ ಟೋಕಿಯೊ ನಡುವಿನ ದಾರಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಈ ಎರಡು ಊರುಗಳು ಇದ್ದಲ್ಲೇ ಇವೆ. ಅವುಗಳ ನಡುವಿನ ಪಯಣ ಮಾತ್ರ ಕಳೆದ ಎಪ್ಪತ್ತು ವರ್ಷಗಳಲ್ಲಿ 50 ಗಂಟೆಯಿಂದ ಒಂಬತ್ತೂವರೆ ಗಂಟೆಗೆ ಇಳಿದು, ಮತ್ತೆ 13 ಗಂಟೆಗೆ ಏರಿದೆ.

ಮೊದಲು ದೂರದ ಮಾತು. ಮನೆಯಲ್ಲಿ ಮಕ್ಕಳ ಗ್ಲೋಬು ಇದ್ದರೆ ಒಂದು ದಾರ ತೆಗೆದುಕೊಂಡು ಹೆಲ್ಸಿಂಕಿಯಿಂದ ಟೋಕಿಯೊಗೆ ಬಿಗಿಯಾಗಿ ಹಿಡಿಯಿರಿ. ಟೋಕಿಯೊ ಇರುವುದು ಹೆಲ್ಸಿಂಕಿಗಿಂತ ಬಹಳ ದಕ್ಷಿಣದಲ್ಲಿ. ಒಂದು 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದರೆ ಇನ್ನೊಂದು 36 ಡಿಗ್ರಿಯ ಆಸುಪಾಸಿನಲ್ಲಿದೆ. ಆದರೂ ದಾರ ಹೆಲ್ಸಿಂಕಿಯಿಂದ ಆಗ್ನೇಯಕ್ಕೆ ಹೊರಡುವುದಿಲ್ಲ, ಈಶಾನ್ಯಕ್ಕೆ ಹೊರಡುತ್ತದೆ. ರಷ್ಯದ ಉತ್ತರ ಭಾಗದಲ್ಲಿ ಆರ್ಕ್‌ಟಿಕ್ ವೃತ್ತವನ್ನೂ ಸ್ವಲ್ಪ ದಾಟಿ, ಸೈಬೀರಿಯದ ಮೇಲೆ ಬಾಗಿ ಇಳಿದು ಜಪಾನ್ ಸೇರುತ್ತದೆ. ಗೋಳದ ಮೇಲೆ ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದಾರಿ ಇದೇ. ಭೂಮಿಯನ್ನು ಸರಿಯಾಗಿ ಎರಡು ಹೋಳು ಮಾಡುವ ವೃತ್ತದ ಒಂದು ತುಂಡಾದ್ದರಿಂದ ಇದಕ್ಕೆ ಮಹಾವೃತ್ತದ ದಾರಿ ಎಂದು ಹೆಸರು. ಇದರ ಉದ್ದ ಸುಮಾರು 7,800 ಕಿಲೋಮೀಟರ್.

ಗೋಡೆಯ ಮೇಲಿನ ನಕ್ಷೆಯಲ್ಲಿ ಇದೇ ದಾರಿ ಬಿಲ್ಲಿನಂತೆ ಬಾಗಿ ಕಾಣುತ್ತದೆ. ವಿಮಾನದವರು ಸುಮ್ಮನೆ ಸುತ್ತು ಹಾಕುತ್ತಿದ್ದಾರೆ ಅನ್ನಿಸುತ್ತದೆ. ತಪ್ಪು ನಕ್ಷೆಯದು. ನಾವು ಹೆಚ್ಚಾಗಿ ನೋಡುವ ನಕ್ಷೆಯ ಮಾದರಿಯನ್ನು ಮರ್ಕೇಟರ್ 1569ರಲ್ಲಿ ರಚಿಸಿದ್ದು ಹಡಗಿನವರ ಅನುಕೂಲಕ್ಕಾಗಿ. ದಿಕ್ಸೂಚಿಯ ಒಂದೇ ದಿಕ್ಕು ಹಿಡಿದು ಸಾಗುವವನಿಗೆ ಅದು ನೇರ ಗೆರೆ ತೋರಿಸುತ್ತದೆ. ಅದಕ್ಕೆ ಪ್ರತಿಯಾಗಿ ಧ್ರುವದ ಕಡೆಯ ನಾಡುಗಳನ್ನು ಹಿಗ್ಗಿಸಿಬಿಡುತ್ತದೆ. ಆಫ್ರಿಕದ ಹದಿನಾಲ್ಕನೆಯ ಒಂದು ಪಾಲಿನಷ್ಟಿರುವ ಗ್ರೀನ್‌ಲೆಂಡ್ ಅದರಲ್ಲಿ ಆಫ್ರಿಕದಷ್ಟೇ ದೊಡ್ಡದಾಗಿ ಕುಳಿತಿರುತ್ತದೆ. ವಿಮಾನದ ದಾರಿಯನ್ನು ತಿಳಿಯಬೇಕಾದವರು ಈ ನಕ್ಷೆಯನ್ನು ಮಡಚಿಟ್ಟು ಗ್ಲೋಬನ್ನೇ ನೋಡಬೇಕು.

ಇನ್ನು ಕಾಲ. ದೊಡ್ಡ ಜೆಟ್ ವಿಮಾನ ಗಂಟೆಗೆ ಸುಮಾರು 900 ಕಿಲೋಮೀಟರ್ ಹಾರುತ್ತದೆ. 7,800ನ್ನು 900ರಿಂದ ಭಾಗಿಸಿದರೆ ಎಂಟೂಮುಕ್ಕಾಲು ಗಂಟೆಗೆ ತುಸು ಕಡಿಮೆ. ಆದರೆ ವೇಳಾಪಟ್ಟಿಯಲ್ಲಿ ಅಚ್ಚಾಗುವ ಅವಧಿ ಹಾರಾಟದ್ದಷ್ಟೇ ಅಲ್ಲ. ಬಾಗಿಲು ಮುಚ್ಚಿ ವಿಮಾನ ತನ್ನ ಜಾಗದಿಂದ ಕದಲಿದ ಕ್ಷಣದಿಂದ ಇನ್ನೊಂದು ನಿಲ್ದಾಣದಲ್ಲಿ ತನಗೆ ಗೊತ್ತುಮಾಡಿದ ಜಾಗದಲ್ಲಿ ನಿಲ್ಲುವವರೆಗಿನ ಲೆಕ್ಕ ಅದು. ರನ್‌ವೇಯವರೆಗೆ ಉರುಳುವುದು, ಸರದಿಗಾಗಿ ಕಾಯುವುದು, ನಿಧಾನವಾಗಿ ಏರಿ ಇಳಿಯುವುದು ಎಲ್ಲ ಸೇರಿ ಒಂಬತ್ತೂವರೆ ಗಂಟೆ. ಟಿಕೆಟ್ಟಿನಲ್ಲಿ ಮಾತ್ರ ಇನ್ನೊಂದು ಚಮತ್ಕಾರವಿದೆ. ಸಂಜೆ ಐದಕ್ಕೆ ಹೊರಟ ವಿಮಾನ ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ತಲುಪುತ್ತದೆ ಎಂದಿದ್ದರೆ ಕೂಡಿ ಕಳೆದವನಿಗೆ ಸಿಗುವುದು ಹದಿನಾರೂವರೆ ಗಂಟೆ. ಚಳಿಗಾಲದಲ್ಲಿ ಟೋಕಿಯೊ ಗಡಿಯಾರ ಹೆಲ್ಸಿಂಕಿಗಿಂತ 7 ಗಂಟೆ ಮುಂದಿರುತ್ತದೆ. ಅಷ್ಟನ್ನು ಕಳೆದರೆ ನಿಜವಾದ ಅವಧಿ ಬರುತ್ತದೆ.

ಲೆಕ್ಕ ಇಲ್ಲಿಗೆ ಸರಿಹೋಯಿತು. 2022ರ ಫೆಬ್ರುವರಿಯವರೆಗೆ ಫಿನ್‌ಲೆಂಡಿನ ಫಿನ್‌ಏರ್ ಸಂಸ್ಥೆಯ ವಿಮಾನಗಳು ಹೀಗೆಯೇ ಹಾರುತ್ತಿದ್ದವು. ಆದರೆ ದಾರ ಹಾಯ್ದುಹೋದ ನೆಲವನ್ನು ಇನ್ನೊಮ್ಮೆ ನೋಡಿ. ಎರಡು ತುದಿಗಳನ್ನು ಬಿಟ್ಟರೆ ಬಹುತೇಕ ಅಷ್ಟೂ ಒಂದೇ ದೇಶದ್ದು.

ಆಕಾಶ ಯಾರದು ಎಂಬ ಪ್ರಶ್ನೆಗೆ 1944ರಲ್ಲಿ ಅಮೆರಿಕದ ಷಿಕಾಗೊ ನಗರದಲ್ಲಿ ಸೇರಿದ ರಾಷ್ಟ್ರಗಳು ಉತ್ತರ ಬರೆದಿಟ್ಟವು. ಸಮುದ್ರ ಎಲ್ಲರದೂ ಆಗಬಹುದು. ಆದರೆ ಪ್ರತಿಯೊಂದು ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದಲ್ಲಿ ಸಂಪೂರ್ಣ ಹಕ್ಕಿದೆ ಎಂಬುದು ಆ ಒಪ್ಪಂದದ ಮೊದಲ ಮಾತು. ಇಳಿಯದೆ ಸುಮ್ಮನೆ ಹಾದುಹೋಗುವವರಿಗೆ ಪರಸ್ಪರ ಅವಕಾಶ ಕೊಡೋಣ ಎಂಬ ಇನ್ನೊಂದು ಒಪ್ಪಂದವೂ ಅಲ್ಲಿಯೇ ಆಯಿತು. ಭಾರತವೂ ಸೇರಿದಂತೆ ಅನೇಕ ದೇಶಗಳು ಅದಕ್ಕೆ ಒಪ್ಪಿದವು. ಸೋವಿಯತ್ ಒಕ್ಕೂಟ ಷಿಕಾಗೊ ಸಭೆಗೇ ಹೋಗಲಿಲ್ಲ. ಭೂಮಿಯ ಒಣನೆಲದ ಆರನೆಯ ಒಂದು ಪಾಲನ್ನು ಹಿಡಿದಿದ್ದ ದೇಶ ಅದು. ಎರಡನೆಯ ಮಹಾಯುದ್ಧ ಮುಗಿದು ಶೀತಲ ಸಮರ ತೊಡಗಿದಾಗ ಯೂರೋಪಿನಿಂದ ಜಪಾನಿಗೆ ಹೋಗುವ ನೇರ ದಾರಿಯ ಮೇಲೆ ಬೀಗ ಬಿತ್ತು.

ಹಾಗಾದರೆ 1950ರ ದಶಕದಲ್ಲಿ ಉತ್ತರ ಯೂರೋಪಿನವರು ಜಪಾನಿಗೆ ಹೇಗೆ ಹೋಗುತ್ತಿದ್ದರು? ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ. ದಕ್ಷಿಣಕ್ಕಿಳಿದು ಮಧ್ಯಪ್ರಾಚ್ಯ, ಅಲ್ಲಿಂದ ಭಾರತ ಉಪಖಂಡ, ಆಮೇಲೆ ಆಗ್ನೇಯ ಏಷ್ಯ, ಕೊನೆಗೆ ಜಪಾನ್. ಕಲ್ಕತ್ತೆಯ ಡಂಡಂ ನಿಲ್ದಾಣ ಪ್ರಪಂಚದ ದೊಡ್ಡ ತಂಗುದಾಣಗಳಲ್ಲಿ ಒಂದಾಗಿದ್ದ ಕಾಲ ಅದು. ಅಲ್ಲಲ್ಲಿ ಇಳಿದು, ಇಂಧನ ತುಂಬಿಸಿಕೊಂಡು, ಮತ್ತೆ ಹಾರಿ, ಒಟ್ಟು ಸುಮಾರು 50 ಗಂಟೆ ಹಿಡಿಯುತ್ತಿತ್ತು.

ನೇರ ದಾರಿಗೆ ಬೀಗವಿದ್ದರೆ ಮೇಲಿನಿಂದ ಹೋಗಬಾರದೇಕೆ ಎಂದು ಯೋಚಿಸಿದವರು ಸ್ವೀಡನ್, ನಾರ್ವೆ, ಡೆನ್ಮಾರ್ಕ್‌ಗಳ ಜಂಟಿ ಸಂಸ್ಥೆ ಎಸ್‌ಎಎಸ್‌ನವರು. 1957ರ ಫೆಬ್ರುವರಿ 24ರಂದು ಕೋಪನ್‌ಹೇಗನ್‌ನಿಂದ ಒಂದು, ಟೋಕಿಯೊದಿಂದ ಒಂದು ವಿಮಾನ ಹೊರಟವು. ಎರಡೂ ಉತ್ತರ ಧ್ರುವದ ಹಾದಿ ಹಿಡಿದು ಅಲಾಸ್ಕದ ಆಂಕರೇಜ್‌ನಲ್ಲಿ ಇಳಿದು ಮುಂದೆ ಸಾಗಿದವು. ನಾಲ್ಕು ಪ್ರೊಪೆಲ್ಲರುಗಳ ಡಿಸಿ-7ಸಿ ವಿಮಾನಗಳವು. 50 ಗಂಟೆಯ ಪಯಣ ಸುಮಾರು 32 ಗಂಟೆಗೆ ಇಳಿಯಿತು.

ಹೇಳಿದಷ್ಟು ಸುಲಭದ ಕೆಲಸವಾಗಿರಲಿಲ್ಲ ಅದು. ಭೂಮಿಯ ಕಾಂತಧ್ರುವ ಹತ್ತಿರವಾದಂತೆ ದಿಕ್ಸೂಚಿಯ ಮುಳ್ಳು ನಂಬಿಕೆಗೆ ಅರ್ಹವಲ್ಲ. ಇನ್ನು ಭೌಗೋಳಿಕ ಧ್ರುವದಲ್ಲಿ ನಿಂತವನಿಗೆ ಯಾವ ಕಡೆ ತಿರುಗಿದರೂ ದಕ್ಷಿಣವೇ. ರೇಖಾಂಶಗಳೆಲ್ಲ ಒಂದೇ ಚುಕ್ಕೆಯಲ್ಲಿ ಬಂದು ಸೇರುವುದರಿಂದ ಪೂರ್ವ ಪಶ್ಚಿಮಗಳಿಗೆ ಅರ್ಥವೇ ಉಳಿಯುವುದಿಲ್ಲ. ಆದ್ದರಿಂದ ನಕ್ಷೆಯ ಮೇಲೆ ಚೌಕಳಿ ಗೆರೆ ಎಳೆದುಕೊಂಡು, ತಿರುಗುವ ಜೈರೊಸ್ಕೋಪಿನ ನೆರವಿನಿಂದ, ಸೂರ್ಯ ನಕ್ಷತ್ರಗಳನ್ನು ನೋಡಿ ತಾಳೆ ಹಾಕುತ್ತಾ ಸಾಗಬೇಕಿತ್ತು. ಹಿಮದ ಮೇಲೆ ಇಳಿಯಬೇಕಾಗಿ ಬಂದರೆ ಇರಲಿ ಎಂದು ದಪ್ಪ ಉಡುಪು, ಡೇರೆಗಳನ್ನೂ ಹೊತ್ತೊಯ್ಯುತ್ತಿದ್ದರು.

ಬೇರೆ ಸಂಸ್ಥೆಗಳೂ ಇದೇ ದಾರಿಗೆ ಬಂದವು. ಊರುಕೇರಿ ಕಡಿಮೆಯಾದ ಅಲಾಸ್ಕದಲ್ಲಿ ಆಂಕರೇಜ್ ನಿಲ್ದಾಣ ಜಗತ್ತಿನ ಅಡ್ಡಹಾದಿಯಾಯಿತು. ನಡುರಾತ್ರಿ ಇಳಿದ ಜಪಾನೀ ಪ್ರಯಾಣಿಕರು ಅಲ್ಲಿನ ಅಂಗಡಿಯಲ್ಲಿ ತಮ್ಮೂರಿನ ಬಿಸಿ ಉದೋನ್ ಶ್ಯಾವಿಗೆ ತಿಂದು, ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸಿದ್ದ ಹಿಮಕರಡಿಯನ್ನು ನೋಡಿ ಮತ್ತೆ ವಿಮಾನ ಹತ್ತುತ್ತಿದ್ದರು. ಒಂದು ಪೀಳಿಗೆಯ ಜಪಾನೀಯರಿಗೆ ಯೂರೋಪ್ ಎಂದರೆ ಮೊದಲು ನೆನಪಾಗುವುದು ಆ ಶ್ಯಾವಿಗೆ.

ಸೋವಿಯತ್ ಬಾಗಿಲು ಪೂರ್ತಿ ಮುಚ್ಚಿಯೇ ಇತ್ತೆಂದಲ್ಲ. 1967ರಲ್ಲಿ ಜಪಾನ್ ಏರ್‌ಲೈನ್ಸ್ ಮತ್ತು ಏರೋಫ್ಲಾಟ್ ಸಂಸ್ಥೆಗಳು ಕೂಡಿ ಟೋಕಿಯೊ–ಮಾಸ್ಕೊ ಸೇವೆ ಆರಂಭಿಸಿದವು; ವಿಮಾನ ರಷ್ಯನ್ನರದು, ಅದರ ಚಾಲಕರೂ ಅವರೇ. 1970ರಿಂದ ಕೆಲವು ಹೊರಗಿನ ಸಂಸ್ಥೆಗಳಿಗೆ ಸೈಬೀರಿಯದ ಮೇಲೆ ತಮ್ಮದೇ ವಿಮಾನ ಹಾರಿಸಲು ಅನುಮತಿ ಸಿಕ್ಕಿತು. ಆದರೆ ಮಾಸ್ಕೊದಲ್ಲಿ ಇಳಿದೇ ಹೋಗಬೇಕು, ಸುಂಕ ಕಟ್ಟಬೇಕು. ಉಳಿದವರಿಗೆ ಧ್ರುವವೇ ಗತಿ.

ಆ ಗತಿ ಎಷ್ಟು ಅಪಾಯದ್ದು ಎಂಬುದು ಎರಡು ಸಲ ಗೊತ್ತಾಯಿತು. 1978ರ ಏಪ್ರಿಲ್ 20ರಂದು ಪ್ಯಾರಿಸ್‌ನಿಂದ ಆಂಕರೇಜ್ ಮಾರ್ಗವಾಗಿ ಸೋಲ್‌ಗೆ ಹೊರಟ ಕೊರಿಯದ ವಿಮಾನವೊಂದು ಧ್ರುವದ ಕಡೆ ದಿಕ್ಕು ತಪ್ಪಿ ದೊಡ್ಡ ತಿರುವು ತೆಗೆದುಕೊಂಡು ಸೋವಿಯತ್ ಸೇನಾ ನೆಲೆಗಳಿರುವ ಮೂರ್ಮನ್‌ಸ್ಕ್ ಪ್ರದೇಶದ ಮೇಲೆ ಬಂತು. ಯುದ್ಧವಿಮಾನ ಹಾರಿಸಿದ ಕ್ಷಿಪಣಿ ಅದರ ರೆಕ್ಕೆಗೆ ತಾಗಿತು. ಇಬ್ಬರು ಸತ್ತರು. ಕ್ಯಾಪ್ಟನ್ ಹೆಪ್ಪುಗಟ್ಟಿದ ಕೆರೆಯ ಮೇಲೆ ವಿಮಾನವನ್ನು ಇಳಿಸಿ ಉಳಿದವರ ಜೀವ ಉಳಿಸಿದ. ಬದುಕಿದ ಪ್ರಯಾಣಿಕರನ್ನು ಕರೆತಂದು ಇಳಿಸಿದ್ದು ಹೆಲ್ಸಿಂಕಿಯಲ್ಲಿ.

ಎರಡನೆಯ ಸಲ ಯಾರೂ ಬದುಕಲಿಲ್ಲ. 1983ರ ಸೆಪ್ಟೆಂಬರ್ 1ರಂದು ಅದೇ ಸಂಸ್ಥೆಯ 007 ಸಂಖ್ಯೆಯ ಬೋಯಿಂಗ್ 747 ಆಂಕರೇಜ್‌ನಿಂದ ಸೋಲ್‌ಗೆ ಹೋಗುತ್ತ ನಿಗದಿತ ಹಾದಿಯಿಂದ ಸ್ವಲ್ಪಸ್ವಲ್ಪವೇ ಸರಿಯುತ್ತ ಹೋಯಿತು. ಸ್ವಯಂಚಾಲಿತ ನಿಯಂತ್ರಣ ದಿಕ್ಸೂಚಿಯ ಒಂದೇ ದಿಕ್ಕನ್ನು ಹಿಡಿದು ನಡೆದಿತ್ತು, ದಾರಿಯ ಗುರುತುಗಳನ್ನು ಅನುಸರಿಸುತ್ತಿರಲಿಲ್ಲ ಎಂದು ಹತ್ತು ವರ್ಷಗಳ ನಂತರ ಅಂತರರಾಷ್ಟ್ರೀಯ ತನಿಖೆ ಕಂಡುಕೊಂಡಿತು. ವಿಮಾನ ಕಮ್ಚಟ್ಕವನ್ನು ದಾಟಿ ಸಖಾಲಿನ್ ದ್ವೀಪದ ಮೇಲೆ ಬಂದಾಗ ಸೋವಿಯತ್ ಯುದ್ಧವಿಮಾನ ಅದನ್ನು ಹೊಡೆದುರುಳಿಸಿತು. 269 ಜನ ಸಮುದ್ರದ ಪಾಲಾದರು. ಅದೇ ತಿಂಗಳು ಅಮೆರಿಕದ ಅಧ್ಯಕ್ಷ ರೇಗನ್, ಸೇನೆಗಾಗಿ ಸಿದ್ಧವಾಗುತ್ತಿದ್ದ ಉಪಗ್ರಹ ಮಾರ್ಗದರ್ಶನ ವ್ಯವಸ್ಥೆಯನ್ನು ನಾಗರಿಕ ವಿಮಾನಗಳಿಗೂ ಒದಗಿಸುವುದಾಗಿ ಸಾರಿದರು. ಇಂದು ಆಟೋ ಚಾಲಕನ ಮೊಬೈಲಿನಲ್ಲೂ ಇರುವ ಜಿಪಿಎಸ್ ಅದೇ.

ಫಿನ್‌ಏರ್ ಹೆಲ್ಸಿಂಕಿಯಿಂದ ಟೋಕಿಯೊಗೆ ಎಲ್ಲೂ ಇಳಿಯದ ಸೇವೆ ಆರಂಭಿಸಿದ್ದು ಅದೇ 1983ರಲ್ಲಿ, ಈ ದುರಂತಕ್ಕೆ ನಾಲ್ಕು ತಿಂಗಳ ಮುಂಚೆ. ಪಶ್ಚಿಮ ಯೂರೋಪಿನಿಂದ ಜಪಾನಿಗೆ ಅಂಥ ಸೇವೆ ಅದೇ ಮೊದಲು. ಫಿನ್‌ಲೆಂಡ್ ಸೋವಿಯತ್ ಒಕ್ಕೂಟದ ಪಕ್ಕದ ಮನೆ; ಎರಡರ ನಡುವೆ 1948ರಿಂದ ಸ್ನೇಹದ ಒಪ್ಪಂದವೂ ಇತ್ತು. ಆದರೂ ಸೈಬೀರಿಯದ ಮೇಲೆ ನೇರವಾಗಿ ಹಾರಲು ಅನುಮತಿ ಇರಲಿಲ್ಲ. ಹೀಗಾಗಿ ಮೂರು ಎಂಜಿನ್ನಿನ ಡಿಸಿ-10 ವಿಮಾನಕ್ಕೆ ಹೆಚ್ಚಿನ ಇಂಧನದ ತೊಟ್ಟಿ ಕೂರಿಸಿ ಧ್ರುವದ ಮೇಲೆ, ಬೇರಿಂಗ್ ಜಲಸಂಧಿಯ ಮೂಲಕ ಕಳಿಸಿದರು. ಗ್ಲೋಬಿನ ಮೇಲೆ ಅದೇ ದಾರ ಹಿಡಿದು ಹೆಲ್ಸಿಂಕಿಯಿಂದ ಧ್ರುವಕ್ಕೆ, ಅಲ್ಲಿಂದ ಬೇರಿಂಗ್ ಜಲಸಂಧಿಗೆ, ಅಲ್ಲಿಂದ ಟೋಕಿಯೊಗೆ ಅಳೆದು ನೋಡಿ: 10,600 ಕಿಲೋಮೀಟರಿಗೆ ಕಡಿಮೆಯಾಗದು. ಕಮ್ಚಟ್ಕವನ್ನು ಬಳಸಿಕೊಂಡು ಹೋಗಬೇಕಾದ್ದರಿಂದ ನಿಜವಾದ ದಾರಿ ಇನ್ನೂ ಉದ್ದ. ಪಯಣಕ್ಕೆ ಸುಮಾರು 13 ಗಂಟೆ.

1980ರ ದಶಕ ಕೊನೆಗೊಳ್ಳುವ ಹೊತ್ತಿಗೆ ಬೀಗ ಸಡಿಲವಾಯಿತು. 1991ರಲ್ಲಿ ಸೋವಿಯತ್ ಒಕ್ಕೂಟವೇ ಕರಗಿತು. ಹಣ ಕೊಟ್ಟವರಿಗೆ ಸೈಬೀರಿಯದ ಆಕಾಶ ತೆರೆದುಕೊಂಡಿತು. ಆಂಕರೇಜ್‌ನಲ್ಲಿ ಪ್ರಯಾಣಿಕರ ವಿಮಾನಗಳು ಇಳಿಯುವುದು ನಿಂತು ಶ್ಯಾವಿಗೆಯಂಗಡಿ ಭಣಗುಟ್ಟಿತು. ಹೆಲ್ಸಿಂಕಿಗೆ ಮಾತ್ರ ಅದೃಷ್ಟ ಖುಲಾಯಿಸಿತು. ಫಿನ್‌ಲೆಂಡಿನ ಜನಸಂಖ್ಯೆ 55 ಲಕ್ಷದ ಸುಮಾರು, ಬೆಂಗಳೂರಿಗಿಂತ ಬಹಳ ಕಡಿಮೆ. ಅಷ್ಟು ಸಣ್ಣ ದೇಶ ಏಷ್ಯಕ್ಕೆ ದಿನವೂ ದೊಡ್ಡ ದೊಡ್ಡ ವಿಮಾನ ಕಳಿಸುವುದು ಸ್ವಂತ ಜನರನ್ನು ನಂಬಿಕೊಂಡಲ್ಲ. ಮಹಾವೃತ್ತದ ದಾರಿಯಲ್ಲಿ ಯೂರೋಪಿನ ಅಂಚಿನ ಮನೆ ತನ್ನದು. ಪ್ಯಾರಿಸ್ಸಿನವನೂ ಮ್ಯಾಡ್ರಿಡ್ಡಿನವನೂ ತನ್ನ ಅಂಗಳ ಹಾದು ಹೋದರೆ ಬಳಸು ಇಲ್ಲ ಎಂಬುದನ್ನು ಫಿನ್‌ಏರ್ ಬಂಡವಾಳ ಮಾಡಿಕೊಂಡಿತು. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಲಾಭವಿತ್ತು. ಹೋಗಲು ಒಂಬತ್ತೂವರೆ ಗಂಟೆ, ಬರಲು ಸುಮಾರು ಹತ್ತು. ನಡುವೆ ಶುಚಿ ಮಾಡಿ ಇಂಧನ ತುಂಬುವ ಹೊತ್ತನ್ನು ಕೂಡಿಸಿದರೂ ಒಂದು ವಿಮಾನ 24 ಗಂಟೆಗಳೊಳಗೆ ಹೋಗಿ ಬಂದು ಮತ್ತೆ ಅದೇ ಹೊತ್ತಿಗೆ ಹೊರಡಲು ಸಿದ್ಧ. ದಿನಕ್ಕೊಂದು ಸೇವೆಗೆ ಒಂದೇ ವಿಮಾನ ಸಾಕು. ಇನ್ನಷ್ಟು ಪಶ್ಚಿಮದ ಲಂಡನ್ನಿಗೋ ಪ್ಯಾರಿಸ್ಸಿಗೋ ಈ ಲೆಕ್ಕ ಕೂಡಿಬರುವುದಿಲ್ಲ.

2022ರ ಫೆಬ್ರುವರಿ 24ರಂದು ರಷ್ಯ ಯುಕ್ರೇನಿನ ಮೇಲೆ ದಾಳಿ ಮಾಡಿತು. ಮೂರು ದಿನದಲ್ಲಿ ಯೂರೋಪಿನ ಒಕ್ಕೂಟ ರಷ್ಯದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ಮರುದಿನ ರಷ್ಯ 36 ದೇಶಗಳ ವಿಮಾನಗಳಿಗೆ ತನ್ನದನ್ನು ಮುಚ್ಚಿತು. ಮೂವತ್ತು ವರ್ಷ ಕಟ್ಟಿದ ವ್ಯಾಪಾರದ ಅಡಿಗಲ್ಲು ಒಂದು ವಾರದೊಳಗೆ ಸರಿದುಹೋಯಿತು. ಮಾರ್ಚ್ 9ರಂದು ಟೋಕಿಯೊ ಸೇವೆ ಮತ್ತೆ ಆರಂಭವಾದಾಗ ವಿಮಾನ ಹಿಡಿದದ್ದು ತಾತಂದಿರ ದಾರಿಯನ್ನೇ: ಧ್ರುವದ ಮೇಲೆ, ಅಲಾಸ್ಕದ ಪಕ್ಕ, ಅದೇ 13 ಗಂಟೆ. ಇಂಧನ ಸುಮಾರು ಶೇ. 40ರಷ್ಟು ಹೆಚ್ಚು. ಒಂದೇ ವಿಮಾನದಲ್ಲಿ ದಿನಕ್ಕೊಂದು ಸೇವೆ ಎಂಬ ಲೆಕ್ಕ ಬುಡಮೇಲಾಯಿತು. ಸಂಸ್ಥೆ ತನ್ನ ಕೆಲವು ವಿಮಾನಗಳನ್ನು ಸಿಬ್ಬಂದಿ ಸಮೇತ ಬೇರೆ ಸಂಸ್ಥೆಗಳಿಗೆ ಬಾಡಿಗೆಗೆ ಕೊಟ್ಟಿತು. ಉತ್ತರ ಧ್ರುವ ದಾಟಿದ್ದಕ್ಕೆ ಪ್ರಯಾಣಿಕರಿಗೆ ಒಂದು ಪ್ರಮಾಣಪತ್ರ ಹಂಚಿತು. ನಷ್ಟವನ್ನೇ ನೆನಪಿನ ಕಾಣಿಕೆ ಮಾಡಿದ ಈ ಜಾಣತನವನ್ನು ಮೆಚ್ಚಲೇಬೇಕು.

1983ಕ್ಕೂ 2022ಕ್ಕೂ ಒಂದು ವ್ಯತ್ಯಾಸವಿದೆ. ಈಗಿನ ಏರ್‌ಬಸ್ ಎ350 ವಿಮಾನಕ್ಕೆ ಎರಡೇ ಎಂಜಿನ್. ಒಂದು ಕೆಟ್ಟರೂ ಇನ್ನೊಂದರ ಬಲದಿಂದ ಇಷ್ಟು ಹೊತ್ತಿನೊಳಗೆ ಯಾವುದಾದರೂ ನಿಲ್ದಾಣ ಸೇರುವಂತಿರಬೇಕು ಎಂಬ ನಿಯಮ ಇಂಥ ವಿಮಾನಗಳಿಗಿದೆ. ಹಿಮದ ಮರುಭೂಮಿಯಲ್ಲಿ ನಿಲ್ದಾಣಗಳೆಲ್ಲಿ? ಈ ಮಿತಿಯನ್ನು ಫಿನ್‌ಏರ್ ಐದು ಗಂಟೆಗೆ ಏರಿಸಿಕೊಳ್ಳಬೇಕಾಯಿತು. ಇಂಧನದ ಮೇಲೂ ಕಣ್ಣಿರಬೇಕು. ವಿಮಾನದ ಸೀಮೆಎಣ್ಣೆ ಸೊನ್ನೆಗಿಂತ 47 ಡಿಗ್ರಿ ಕೆಳಗೆ ಹೆಪ್ಪುಗಟ್ಟತೊಡಗುತ್ತದೆ. ಧ್ರುವದ ಮೇಲಿನ ಗಾಳಿ ಅದಕ್ಕಿಂತಲೂ ತಣ್ಣಗಿರುವುದುಂಟು. ರೆಕ್ಕೆಯೊಳಗಿನ ಎಣ್ಣೆ ತೀರ ತಣ್ಣಗಾದರೆ ವಿಮಾನವನ್ನು ಕೆಳಗಿಳಿಸಬೇಕು, ಇಲ್ಲವೇ ವೇಗ ಹೆಚ್ಚಿಸಬೇಕು.

ಧ್ರುವದ ದಾರಿ ನಮ್ಮೂರಿಗೂ ಬಂದದ್ದುಂಟು. 2021ರ ಜನವರಿ 9ರಂದು ಸ್ಯಾನ್‌ಫ್ರಾನ್ಸಿಸ್ಕೊ ಬಿಟ್ಟ ಏರ್ ಇಂಡಿಯಾ ವಿಮಾನ ಉತ್ತರ ಧ್ರುವ ದಾಟಿ, 17 ಗಂಟೆಗೂ ಮಿಕ್ಕಿ ಹಾರಿ, 11ರ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ನೇತೃತ್ವದಲ್ಲಿ ಚಾಲಕಿಯರೆಲ್ಲ ಮಹಿಳೆಯರೇ. ಎರಡೂ ಊರುಗಳು ಭೂಮಿಯ ಹೆಚ್ಚುಕಡಿಮೆ ಎದುರುಬದುರು ಮಗ್ಗುಲಿನಲ್ಲಿರುವುದರಿಂದ ಅವುಗಳ ನಡುವಿನ 14,000 ಕಿಲೋಮೀಟರಿನ ದಾರ ಧ್ರುವದತ್ತ ವಾಲುವುದು ಸಹಜ. ರಷ್ಯದ ನಿಷೇಧ ಭಾರತಕ್ಕೆ ಅನ್ವಯಿಸಲಿಲ್ಲ. ಆದ್ದರಿಂದ 2022ರ ನಂತರವೂ ಏರ್ ಇಂಡಿಯಾ ಅಮೆರಿಕದ ಕೆಲವು ಸೇವೆಗಳಿಗೆ ರಷ್ಯದ ಆಕಾಶವನ್ನೇ ಬಳಸಿತು. ಅದರ ಬೆಲೆಯೂ ಒಮ್ಮೆ ಕಂಡಿತು: 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ಹೊರಟ ವಿಮಾನ ಎಂಜಿನ್ ತೊಂದರೆಯಿಂದ ರಷ್ಯದ ಪೂರ್ವದಂಚಿನ ಮಗದಾನ್‌ನಲ್ಲಿ ಇಳಿಯಬೇಕಾಯಿತು. ಇನ್ನೊಂದು ವಿಮಾನ ಬರುವವರೆಗೆ ಇನ್ನೂರಕ್ಕೂ ಹೆಚ್ಚು ಪ್ರಯಾಣಿಕರು ಆ ಸಣ್ಣ ಊರಿನಲ್ಲಿ, ಕೆಲವರು ಶಾಲೆಯ ಕೊಠಡಿಗಳಲ್ಲಿ, ದಿನ ನೂಕಿದರು.

ಫಿನ್‌ಏರ್‌ಗೆ ಧ್ರುವವೊಂದೇ ದಾರಿಯೇನಲ್ಲ. ದಕ್ಷಿಣಕ್ಕಿಳಿದು ಪೋಲೆಂಡ್, ರುಮೇನಿಯ, ಟರ್ಕಿ, ಜಾರ್ಜಿಯ, ಕ್ಯಾಸ್ಪಿಯನ್ ಸಮುದ್ರ, ಮಧ್ಯ ಏಷ್ಯ, ಚೀನಾ, ಕೊರಿಯ ಎಂದು ರಷ್ಯವನ್ನು ಕೆಳಗಿನಿಂದ ಬಳಸಿಯೂ ಹೋಗಬಹುದು. ಇದೂ ಸುಮಾರು ಅಷ್ಟೇ ಹೊತ್ತು. ಯಾವ ದಿನ ಯಾವ ದಾರಿ ಎಂಬುದನ್ನು ನಿರ್ಧರಿಸುವುದು ಗಾಳಿ.

ಈ ಗಾಳಿಯ ಗುಟ್ಟನ್ನು ಮೊದಲು ಹಿಡಿದವನು ಜಪಾನಿನವನೇ. ವಾಸಾಬುರೊ ಓಇಶಿ ಎಂಬ ಹವಾಮಾನ ತಜ್ಞ 1920ರ ದಶಕದಲ್ಲಿ ಟೋಕಿಯೊ ಸಮೀಪದ ತಾತೆನೊ ವೀಕ್ಷಣಾಲಯದಿಂದ ಬಲೂನುಗಳನ್ನು ಹಾರಿಬಿಟ್ಟು ದುರ್ಬೀನಿನಲ್ಲಿ ಅವುಗಳ ಜಾಡು ಹಿಡಿದ. ಚಳಿಗಾಲದಲ್ಲಿ ಜಪಾನಿನ ನೆತ್ತಿಯ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆಯೇ ಹರಿಯುತ್ತಿರುವುದು ಅವನಿಗೆ ಕಂಡಿತು. 1926ರಲ್ಲಿ ವರದಿ ಬರೆದ, ಲೋಕವೆಲ್ಲ ಓದಲಿ ಎಂದು ಎಸ್ಪೆರಾಂಟೊ ಭಾಷೆಯಲ್ಲಿ. ಲೋಕ ಓದಲಿಲ್ಲ. 1944ರಲ್ಲಿ ಟೋಕಿಯೊ ಮೇಲೆ ಬಾಂಬು ಹಾಕಲು ಬಂದ ಅಮೆರಿಕದ ಬಿ-29 ವಿಮಾನಗಳು ಆ ಹೊಳೆಗೆ ಸಿಕ್ಕಿ ಗುರಿ ತಪ್ಪಿದಾಗಲೇ ಅದರ ರಭಸ ಎಲ್ಲರಿಗೂ ತಿಳಿದದ್ದು. ನಾವೀಗ ಜೆಟ್ ಸ್ಟ್ರೀಮ್ ಎನ್ನುವುದು ಅದನ್ನೇ. ಗಂಟೆಗೆ 200–300 ಕಿಲೋಮೀಟರಿನ ಈ ಹರಿವು ಬೆನ್ನಿಗಿದ್ದರೆ ವಿಮಾನ ಗಂಟೆಗಟ್ಟಲೆ ಹೊತ್ತು ಉಳಿಸುತ್ತದೆ. ಎದುರಿಗಿದ್ದರೆ ಅಷ್ಟನ್ನೇ ಕಳೆದುಕೊಳ್ಳುತ್ತದೆ.

ಹೀಗಾಗಿ ಪೂರ್ವಕ್ಕೆ, ಅಂದರೆ ಟೋಕಿಯೊಗೆ ಹೋಗುವಾಗ ದಕ್ಷಿಣದ ದಾರಿ ಹಿಡಿದು ಗಾಳಿಯನ್ನು ಬೆನ್ನಿಗೆ ತೆಗೆದುಕೊಳ್ಳುವುದು ಲಾಭ. ಹಿಂದಿರುಗುವಾಗ ಅದೇ ದಾರಿ ಹಿಡಿದರೆ ಗಾಳಿ ಎದೆಗೆ ಬಡಿಯುತ್ತದೆ; ಆಗ ಪೆಸಿಫಿಕ್ ಸಾಗರದ ಮೇಲೆ ಈಶಾನ್ಯಕ್ಕೆ ಹೊರಟು, ಅಲಾಸ್ಕ ಬಳಸಿ, ಧ್ರುವದ ನೆತ್ತಿ ದಾಟಿ ಇಳಿಯುವುದೇ ಮೇಲು. ಜಪಾನಿನ ಸಂಸ್ಥೆಗಳು ಲಂಡನ್ನಿಗೂ ಹೀಗೆಯೇ ಹಾರುತ್ತ ಬಂದಿವೆ. ಪಶ್ಚಿಮದಲ್ಲಿರುವ ಲಂಡನ್ನಿಗೆ ಹೊರಟ ವಿಮಾನ ಟೋಕಿಯೊದಿಂದ ಮೇಲೇರಿ ಪೂರ್ವಕ್ಕೆ ಮುಖ ಮಾಡುತ್ತದೆ. ಅಲಾಸ್ಕ, ಉತ್ತರ ಕೆನಡ, ಗ್ರೀನ್‌ಲೆಂಡ್, ಐಸ್‌ಲೆಂಡ್ ದಾಟಿ ಲಂಡನ್ ಸೇರುತ್ತದೆ. ಮರಳುವಾಗ ಯೂರೋಪ್, ಟರ್ಕಿ, ಮಧ್ಯ ಏಷ್ಯಗಳ ಮೇಲೆ ಮತ್ತೆ ಪೂರ್ವಕ್ಕೇ ಹಾರಿ ಮನೆಗೆ ಬರುತ್ತದೆ. ಲಂಡನ್ನಿನಲ್ಲಿ ಎರಡು ದಿನದ ಕೆಲಸ ಮುಗಿಸಿ ಬಂದ ಟೋಕಿಯೊ ಗುಮಾಸ್ತ ಭೂಮಿಗೆ ಒಂದು ಪೂರ್ತಿ ಸುತ್ತು ಹಾಕಿ ಬಂದಿರುತ್ತಾನೆ.